ಸೊಂಟದ ಕೀಲು ಬದಲಾವಣೆ: 25 ವರ್ಷದಲ್ಲಿ ನಿಜವಾಗಿ ಬದಲಾಗಿದ್ದು ಏನು?

ಹೇಮಾವತಿ_ದಂಡೆ
ಹಿಪ್ ರೀಪ್ಲೇಸ್‌ಮೆಂಟ್ ಆಗಬೇಕು ಅಂತ ಡಾಕ್ಟರು ಹೇಳಿದ ಮೇಲೆ ಮನೆಯವರು ಫೋನ್ ತೆಗೆದರೆ ಮೊದಲು ಕಾಣೋದು ಜಾಹೀರಾತು. ರೋಬೋಟ್, ಸ್ನಾಯು ಕತ್ತರಿಸದ ಆಪರೇಷನ್, 30 ವರ್ಷ ಬಾಳುವ ಕೀಲು, ಅದೇ ದಿನ ನಡಿಗೆ. ಇದರಲ್ಲಿ ಯಾವುದಕ್ಕೆ ತೂಕ ಇದೆ, ಯಾವುದಕ್ಕೆ ಇನ್ನೂ ಪುರಾವೆ ಸಾಲದು? ನಮ್ಮ ಕಡೆ ಈ ಆಪರೇಷನ್ ಮಾಡಿಸಿಕೊಳ್ಳುವವರಲ್ಲಿ ಎವಿಎನ್ (ರಕ್ತ ಸಿಗದೆ ತೊಡೆಮೂಳೆಯ ತಲೆ ಸಾಯುವ ಕಾಯಿಲೆ) ಆದ 35–50ರ ವಯಸ್ಸಿನವರು ಬಹಳ. ಅವರನ್ನು ಎದುರಿಗಿಟ್ಟುಕೊಂಡು, ಓಟಿ, ಇಂಪ್ಲಾಂಟ್, ಫಿಸಿಯೋ ಬಲ್ಲವರು ಬಿಡಿಸಿ ಬರೆಯಿರಿ.

ಲೋಹ_ಪಾಲಿಮರ್
ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಬದಲಾವಣೆ ಕಪ್‌ನೊಳಗಿನ ಪ್ಲಾಸ್ಟಿಕ್ ಲೈನರ್‌ನಲ್ಲಿ ಆಗಿದೆ. ಜಾಹೀರಾತಿನಲ್ಲಿ ಅದರ ಹೆಸರೇ ಇರುವುದಿಲ್ಲ. ಕೀಲಿನ ಭಾಗಗಳು ಇವು: ಸೊಂಟದ ಮೂಳೆಯಲ್ಲಿ ಕೂರುವ ಬಟ್ಟಲು ಕಪ್, ಅದರ ಒಳಪದರ ಲೈನರ್, ತೊಡೆಮೂಳೆಯೊಳಗೆ ಇಳಿಯುವ ಕಡ್ಡಿ ಸ್ಟೆಮ್, ಸ್ಟೆಮ್ ತುದಿಯಲ್ಲಿ ಕೂತು ಲೈನರ್ ಒಳಗೆ ತಿರುಗುವುದು ಗುಂಡು.

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದರು. ಅದು ಎರಡು ಮೂರು ವರ್ಷದಲ್ಲೇ ಸವೆದುಹೋಯಿತು. 1962ರಲ್ಲಿ ಪಾಲಿಎಥಿಲೀನ್ (ಚಿಕ್ಕದಾಗಿ ಪಾಲಿ) ಅನ್ನುವ ಪ್ಲಾಸ್ಟಿಕ್‌ಗೆ ಬದಲಾದರು. 22 ಎಂಎಂ ಚಿಲ್ಲರೆಯ ಸಣ್ಣ ಲೋಹದ ಗುಂಡು, ಪಾಲಿ ಬಟ್ಟಲು, ಅವನ್ನು ಮೂಳೆಗೆ ಹಿಡಿಸುವ ಸಿಮೆಂಟು. ಇವತ್ತಿನ ಎಲ್ಲ ಕೀಲಿನ ತಾಯಿಬೇರು ಅದು.

ಹಳೆಯ ಪಾಲಿಯ ತೊಂದರೆ ಬರೀ ಸವೆತವಲ್ಲ, ಸವೆದ ಪುಡಿ. ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ದೇಹದ ಮ್ಯಾಕ್ರೋಫೇಜ್ ಕೋಶಗಳು ನುಂಗುತ್ತವೆ, ಅರಗಿಸಲಾಗದೆ ರಾಸಾಯನಿಕ ಸಂಕೇತ ಬಿಡುತ್ತವೆ. ಅದಕ್ಕೆ ಮೂಳೆ ತಿನ್ನುವ ಕೋಶಗಳು ಎಚ್ಚೆತ್ತು ಇಂಪ್ಲಾಂಟಿನ ಸುತ್ತಲ ಮೂಳೆಯನ್ನು ಕರಗಿಸುತ್ತವೆ. ಇದಕ್ಕೆ ಆಸ್ಟಿಯೋಲೈಸಿಸ್ ಅನ್ನುತ್ತಾರೆ. ವರ್ಷಕ್ಕೆ 0.1 ಎಂಎಂಗಿಂತ ಹೆಚ್ಚು ಸವೆದರೆ ಇದರ ಅಪಾಯ ಏರುತ್ತದೆ, ಹಳೆಯ ಲೈನರ್‌ಗಳು ಆ ಗೆರೆಯನ್ನು ಸಲೀಸಾಗಿ ದಾಟುತ್ತಿದ್ದವು.

1990ರ ದಶಕದ ಕೊನೆಗೆ ಕ್ರಾಸ್‌ಲಿಂಕ್ ಆದ ಪಾಲಿ ಬಂತು. ವಿಕಿರಣ ಹಾಯಿಸಿ ಪಾಲಿಮರ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಆಗ ಉಳಿಯುವ ಫ್ರೀ ರ‍್ಯಾಡಿಕಲ್‌ಗಳು ಮುಂದೆ ಆಕ್ಸಿಡೇಷನ್ ಮಾಡಿ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತವೆ. ಅದನ್ನು ತಡೆಯಲು ಕರಗಿಸಿ ತಣಿಸುವುದು ಒಂದು ದಾರಿ, ಕರಗುವ ಬಿಂದುವಿನ ಕೆಳಗೇ ಕಾಯಿಸುವುದು ಇನ್ನೊಂದು, ವಿಟಮಿನ್ ಇ ಬೆರೆಸುವುದು ಮೂರನೆಯದು. ಕರಗಿಸಿದರೆ ಬಲ ಸ್ವಲ್ಪ ಇಳಿಯುತ್ತದೆ. ಬರೀ ಕಾಯಿಸಿದರೆ ಬಲ ಉಳಿಯುತ್ತದೆ, ರ‍್ಯಾಡಿಕಲ್‌ಗಳೂ ಅಷ್ಟಿಷ್ಟು ಉಳಿಯುತ್ತವೆ. ವಿಟಮಿನ್ ಇ ಬಂದದ್ದು ಈ ಇಕ್ಕಟ್ಟಿಗೆ ಉತ್ತರವಾಗಿ. ಒಟ್ಟಿನಲ್ಲಿ ಸವೆತ ವರ್ಷಕ್ಕೆ 0.05 ಎಂಎಂಗಿಂತ ಕೆಳಗೆ ಬಂತು. ಪುಡಿಯಿಂದ ಮೂಳೆ ಕರಗಿ ಕೀಲು ಸಡಿಲವಾಗುವುದು ಈಗ ಅಪರೂಪ.

ಹೇಮಾವತಿ_ದಂಡೆ
ಹಾಗಾದರೆ "30 ವರ್ಷ" ಅನ್ನೋ ಮಾತು ನಂಬಬಹುದಾ ಸರ್?

ಲೋಹ_ಪಾಲಿಮರ್
ಕ್ರಾಸ್‌ಲಿಂಕ್ ಪಾಲಿ ಚಾಲ್ತಿಗೆ ಬಂದೇ 30 ವರ್ಷ ತುಂಬಿಲ್ಲ ಮೇಡಂ. ಹಾಗಾಗಿ ಅದು ಅಂದಾಜು, ಅನುಭವವಲ್ಲ. 2019ರಲ್ಲಿ ಪ್ರಕಟವಾದ ಒಟ್ಟುಗೂಡಿಸಿದ ರಿಜಿಸ್ಟ್ರಿ (ಕೀಲು ಆಪರೇಷನ್‌ಗಳ ದಾಖಲೆ) ಅಂಕಿಗಳ ಪ್ರಕಾರ 25 ವರ್ಷಕ್ಕೆ ಉಳಿದ ಕೀಲು ಸುಮಾರು 58%. ಆದರೆ ಆ ಕೀಲುಗಳು ಹಳೆಯ ಪ್ಲಾಸ್ಟಿಕ್ಕಿನವು, ಹೊಸವು ಅದಕ್ಕಿಂತ ಚೆನ್ನಾಗಿ ನಿಲ್ಲಬೇಕು. ವಯಸ್ಸಿನ ಲೆಕ್ಕವನ್ನೂ ಬಿಡುವಂತಿಲ್ಲ: ಬ್ರಿಟನ್ನಿನ 2017ರ ಅಧ್ಯಯನದಲ್ಲಿ 70 ದಾಟಿ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಮತ್ತೆ ಆಪರೇಷನ್ ಆಗುವ ಸಂಭವ ಸುಮಾರು 5%, 50ರ ಆರಂಭದ ಗಂಡಸರಿಗೆ 35%ರವರೆಗೆ. 40ರ ರೋಗಿಗೆ "ಇದೇ ಕೊನೇ ಆಪರೇಷನ್" ಅಂತ ಮಾತು ಕೊಡುವುದು ಸರಿಯಲ್ಲ.

ಟೆಂಪ್ಲೇಟ್_44
ಮೇಲಿನದ್ದಕ್ಕೆ ಸೇರಿಸುತ್ತೇನೆ. ಈ ವಯಸ್ಸಿಗೆ ಇವತ್ತು ಹೆಚ್ಚಾಗಿ ಬಳಸುವ ಜೋಡಿ ಸೆರಾಮಿಕ್ ಗುಂಡು ಮತ್ತು ಕ್ರಾಸ್‌ಲಿಂಕ್ ಲೈನರ್. ಸೆರಾಮಿಕ್ ಮೇಲೆ ಸೆರಾಮಿಕ್ ಸವೆಯುವುದು ಇನ್ನೂ ಕಡಿಮೆ, ಆದರೆ ಕಪ್ ಕೂರಿಸಿದ ಕೋನ ತಪ್ಪಿದರೆ ನಡೆಯುವಾಗ ಕಿರ್ ಅಂತ ಸದ್ದು ಬರುತ್ತದೆ, ಲೈನರ್ ಅಂಚು ಚಕ್ಕೆ ಎದ್ದದ್ದೂ ಉಂಟು. ಪಾಲಿ ಲೈನರ್ ಅಷ್ಟು ಕಟ್ಟುನಿಟ್ಟು ಕೇಳುವುದಿಲ್ಲ.

ಈಗಿನ ಗುಲಾಬಿ ಬಣ್ಣದ ಸೆರಾಮಿಕ್ ಗುಂಡು ಅಲ್ಯೂಮಿನಾಕ್ಕೆ ಜಿರ್ಕೋನಿಯಾ ಸೇರಿಸಿ ಗಟ್ಟಿ ಮಾಡಿದ್ದು. ಒಡೆಯುವುದು ಬಹಳ ವಿರಳ. ಒಡೆದ ಪ್ರಕರಣಗಳಲ್ಲಿ ಕೂರಿಸುವಾಗಿನ ಅಜಾಗ್ರತೆಗೂ ಪಾತ್ರ ಇರುತ್ತದೆ. ಸ್ಟೆಮ್‌ನ ಕುತ್ತಿಗೆ ತುದಿಯ ಟೇಪರ್ (ಗುಂಡು ಕೂರುವ ಮೊನಚು ಭಾಗ) ಮೇಲೆ ರಕ್ತ, ಕೊಬ್ಬು, ಸಿಮೆಂಟಿನ ಹರಳು ಏನೂ ಇರಬಾರದು. ತೊಳೆದು, ಒಣ ಗಾಜ್ ಬಟ್ಟೆಯಲ್ಲಿ ಒರೆಸಿ, ಗುಂಡನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಪ್ಲಾಸ್ಟಿಕ್ ಇಂಪ್ಯಾಕ್ಟರ್ ಇಟ್ಟು ಟೇಪರ್‌ನ ನೇರಕ್ಕೆ ಗಟ್ಟಿಯಾಗಿ ಹೊಡೆಯಬೇಕು. ಸುತ್ತಿಗೆ ನೇರ ಗುಂಡಿಗೆ ತಾಕಕೂಡದು. ಹಾಗೆಯೇ, ಸೆರಾಮಿಕ್ ಒಡೆದ ಕೀಲಿಗೆ ಮತ್ತೆ ಲೋಹದ ಗುಂಡು ಹಾಕಬಾರದು. ಎಷ್ಟು ತೊಳೆದರೂ ಉಳಿಯುವ ಚೂರುಗಳು ಲೋಹವನ್ನು ಅರೆದು ಪುಡಿ ಮಾಡುತ್ತವೆ.

ಘಟಪ್ರಭ
ಲೋಹದ ಮೇಲೆ ಲೋಹದ ಕಥೆಯನ್ನೂ ಯಾರಾದರೂ ಬರೆಯಬೇಕು. ಹೊಸತು ಅಂದ ತಕ್ಷಣ ಒಳ್ಳೆಯದು ಅನ್ನುವವರಿಗೆ ಅದು ಗೊತ್ತಿರಬೇಕು.

ಲೋಹ_ಪಾಲಿಮರ್
ಬರೆಯುತ್ತೇನೆ. ಕೋಬಾಲ್ಟ್–ಕ್ರೋಮಿಯಂ ಗುಂಡು, ಅದೇ ಲೋಹದ ಬಟ್ಟಲು. ದೊಡ್ಡ ಗುಂಡು ಇಟ್ಟರೆ ಜಾರದು, ಪ್ಲಾಸ್ಟಿಕ್ ಪುಡಿಯೂ ಇಲ್ಲ, ಅಂತ 2000ದ ದಶಕದಲ್ಲಿ ಯುವ ರೋಗಿಗಳಿಗೆ ತುಂಬಾ ಹಾಕಿದರು. ಡೆಪ್ಯೂ ಕಂಪನಿಯ ಎಎಸ್‌ಆರ್ ಕಪ್ ಅರ್ಧಗೋಳಕ್ಕಿಂತ ತೆಳ್ಳಗೆ, ಆಳ ಕಡಿಮೆ. ಸ್ವಲ್ಪ ಲಂಬವಾಗಿ ಕೂತರೂ ಗುಂಡು ಅಂಚಿನ ಮೇಲೆ ಭಾರ ಹಾಕುತ್ತಿತ್ತು, ಎಣ್ಣೆಪದರದಂತೆ ನಿಲ್ಲಬೇಕಾದ ಕೀಲಿನ ದ್ರವ ಒಡೆದು ಲೋಹ ಲೋಹಕ್ಕೆ ಉಜ್ಜುತ್ತಿತ್ತು. ಲೋಹದ ಅಯಾನುಗಳು (ಕರಗಿದ ಸೂಕ್ಷ್ಮ ಕಣಗಳು) ರಕ್ತಕ್ಕೆ, ಕೀಲಿನ ಸುತ್ತ ಮಾಂಸ ಕೊಳೆತು ಗಂಟು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು. ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಇದನ್ನು ಹಾಕಲಾಗಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಪರಿಹಾರ ಸೂತ್ರ ಒಪ್ಪಿತು, ವಯಸ್ಸು ಮತ್ತು ಅಂಗವೈಕಲ್ಯ ನೋಡಿ 30 ಲಕ್ಷದಿಂದ ಸುಮಾರು 1.23 ಕೋಟಿಯವರೆಗೆ.

ಯಾವುದೇ ಕಂಪನಿಯ ಲೋಹ–ಲೋಹ ಕೀಲು ಇರುವವರು ನೋವಿಲ್ಲದಿದ್ದರೂ ತಪಾಸಣೆ ಬಿಡಬಾರದು: ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಮಟ್ಟ, ಬೇಕಾದರೆ ಲೋಹದ ಅಡಚಣೆ ತಗ್ಗಿಸುವ ವಿಶೇಷ ಎಂಆರ್‌ಐ. ಬ್ರಿಟನ್ನಿನ ನಿಯಂತ್ರಕರು ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಕೂಲಂಕಷವಾಗಿ ನೋಡಿ ಅಂದಿದ್ದಾರೆ.

ಟೆಂಪ್ಲೇಟ್_44
ಈಗ ಕೀಲು ಜಾರುವ ವಿಷಯ. ಈ 10–15 ವರ್ಷದಲ್ಲಿ ಸರ್ಜನ್‌ಗಳ ಯೋಚನೆ ಅತಿ ಹೆಚ್ಚು ಬದಲಾದದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ.

1978ರಿಂದ ಎಲ್ಲರೂ ಓದಿದ ಪಾಠ: ಕಪ್‌ನ ಓರೆ 40 ಡಿಗ್ರಿ, ಮುಂದಕ್ಕೆ ತಿರುವು 15 ಡಿಗ್ರಿ, ಎರಡಕ್ಕೂ 10 ಡಿಗ್ರಿ ಅತ್ತಿತ್ತ. ಲೆವಿನೆಕ್ ವಲಯ ಅನ್ನುತ್ತಾರೆ. ಆಮೇಲೆ ಜಾರಿದ ಕೀಲುಗಳನ್ನು ಅಳೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವು ಆ ವಲಯದೊಳಗೇ ಇದ್ದವು! ಕಾರಣ ಬೆನ್ನು. ನಿಂತವರು ಕೂತಾಗ ಪೆಲ್ವಿಸ್ (ಸೊಂಟದ ಮೂಳೆಗೂಡು) ಸುಮಾರು 20 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಒಂದು ಡಿಗ್ರಿ ವಾಲಿದರೆ ಕಪ್‌ನ ಬಾಯಿ ಸುಮಾರು 0.7–0.8 ಡಿಗ್ರಿ ಮುಂದಕ್ಕೆ ತೆರೆದು ತೊಡೆಮೂಳೆ ಮಡಿಚಲು ಜಾಗ ಕೊಡುತ್ತದೆ. ಬೆನ್ನುಮೂಳೆ ಬೆಸೆದವರಲ್ಲಿ, ಸ್ಕ್ರೂ–ರಾಡ್ ಹಾಕಿಸಿಕೊಂಡವರಲ್ಲಿ, ಪೆಲ್ವಿಸ್ ಅಲ್ಲಾಡುವುದಿಲ್ಲ. ಕೂತು ಬಗ್ಗಿದರೆ ಸ್ಟೆಮ್‌ನ ಕುತ್ತಿಗೆ ಕಪ್‌ನ ಮುಂದಿನ ಅಂಚಿಗೆ ತಗುಲಿ, ಗುಂಡು ಹಿಂದಕ್ಕೆ ಚಿಮ್ಮುತ್ತದೆ.

ಹಾಗಾಗಿ ಬರೀ ಮಲಗಿಸಿ ತೆಗೆದ ಎಕ್ಸ್-ರೇ ಸಾಲದು. ಪಕ್ಕದಿಂದ ಎರಡು ಚಿತ್ರ ಬೇಕು, ಒಂದು ನಿಂತು, ಇನ್ನೊಂದು ಕೂತು, ಸೊಂಟದ ಬೆನ್ನುಮೂಳೆ ಭಾಗದಿಂದ ತೊಡೆಯ ಮೇಲ್ಭಾಗದವರೆಗೆ. ಬೆನ್ನುಮೂಳೆಯ ಬುಡದ ಸೇಕ್ರಂ ಮೂಳೆಯ ಇಳಿಜಾರು ಎರಡರ ನಡುವೆ 10 ಡಿಗ್ರಿಗಿಂತ ಕಡಿಮೆ ಬದಲಾದರೆ ಬೆನ್ನು ಪೆಡಸು ಅಂತ ಲೆಕ್ಕ. ಸಾಮಾನ್ಯ ಎಕ್ಸ್-ರೇ ಯಂತ್ರದಲ್ಲೇ ಇದು ಆಗುತ್ತದೆ, ದುಬಾರಿ ಯಂತ್ರ ಬೇಕಿಲ್ಲ. ಅದಕ್ಕೇ ಜಿಲ್ಲಾ ಆಸ್ಪತ್ರೆಗಳಲ್ಲೂ ಇದು ರೂಢಿಗೆ ಬರಬೇಕು ಅಂತ ನಾನು ಒತ್ತಿ ಹೇಳುವುದು.

ಘಟಪ್ರಭ
ಒಂದು ತಿದ್ದುಪಡಿ ಸರ್. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ (ಉರಿಯೂತದಿಂದ ಬೆನ್ನುಮೂಳೆ ಬೆಸೆದುಕೊಳ್ಳುವ ಕಾಯಿಲೆ) ಬೆನ್ನು ಗೂನಾಗಿಯೇ ಬೆಸೆದಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅಂಥವರು ನಿಂತಾಗಲೇ ಪೆಲ್ವಿಸ್ ಹಿಂದಕ್ಕೆ ವಾಲಿರುತ್ತದೆ, ಕಪ್ ಬಾಯಿ ಆಗಲೇ ಮುಂದಕ್ಕೆ ತೆರೆದಿರುತ್ತದೆ. ಅದರ ಮೇಲೆ ನಾವೂ ತಿರುವು ಹೆಚ್ಚಿಸಿದರೆ ಹೆಜ್ಜೆ ಹಾಕುವಾಗ, ಕಾಲು ಹೊರಕ್ಕೆ ತಿರುಗಿದಾಗ, ಗುಂಡು ಮುಂದಕ್ಕೆ ಜಾರುತ್ತದೆ. "ಪೆಡಸು ಬೆನ್ನು ಅಂದರೆ ತಿರುವು ಜಾಸ್ತಿ" ಅನ್ನುವ ಒಂದೇ ಸೂತ್ರ ಇಟ್ಟುಕೊಳ್ಳಬಾರದು.

ಟೆಂಪ್ಲೇಟ್_44
ಸರಿಯಾದ ಮಾತು. ಯಾವ ಭಂಗಿಯಲ್ಲಿ ಬೆಸೆದಿದೆ ಅನ್ನುವುದೇ ಮುಖ್ಯ.

ಇಂಥವರಿಗೆ ಡ್ಯುಯಲ್ ಮೊಬಿಲಿಟಿ ಕಪ್ ಒಳ್ಳೆಯ ಆಯ್ಕೆ. 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬೂಸ್ಕೆ ಮಾಡಿದ ವಿನ್ಯಾಸ: 22 ಅಥವಾ 28 ಎಂಎಂ ಗುಂಡು ಒಂದು ದೊಡ್ಡ ಪಾಲಿ ಗುಂಡಿನೊಳಗೆ ತಿರುಗುತ್ತದೆ, ಆ ಪಾಲಿ ಗುಂಡು ನುಣುಪಾದ ಲೋಹದ ಕಪ್‌ನೊಳಗೆ ಮತ್ತೆ ತಿರುಗುತ್ತದೆ. ಜಾರಬೇಕಾದರೆ ದೂರ ಎಗರಬೇಕು. ಇದಕ್ಕೂ ತನ್ನದೇ ತೊಂದರೆ ಇದೆ. ಒಳಗುಂಡು ಪಾಲಿಯಿಂದ ಕಳಚಬಹುದು. ಲೋಹದ ಒಳಪದರ ಬೇರೆ ಇರುವ ಮಾದರಿಯಲ್ಲಿ ಅದು ಓರೆಯಾಗಿ ಕೂತರೆ ತುಕ್ಕು ಹಿಡಿಯುತ್ತದೆ. ಎಲ್ಲ ಯುವಕರಿಗೂ ಹಾಕುವ ವಸ್ತುವಲ್ಲ.

ಹೇಮಾವತಿ_ದಂಡೆ
ಮುಂದಿನಿಂದ ಮಾಡುವ ಆಪರೇಷನ್, ಅದೇ "ಸ್ನಾಯು ಕತ್ತರಿಸದ" ವಿಧಾನ?

ಘಟಪ್ರಭ
ಮುಂದಿನ ದಾರಿ ಟೆನ್ಸರ್ ಫೇಸಿಯಾ ಲೇಟಾ ಮತ್ತು ಸಾರ್ಟೋರಿಯಸ್ ಸ್ನಾಯುಗಳ ನಡುವೆ ಹೋಗುತ್ತದೆ, ಸ್ನಾಯು ಬಿಡಿಸುವುದು ಕಡಿಮೆ. ಮೊದಲ ಕೆಲವು ವಾರ ನೋವು ಕಮ್ಮಿ, ನಡಿಗೆ ಬೇಗ. ಮೂರು ತಿಂಗಳ ನಂತರ ಉಳಿದ ವಿಧಾನಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ. ತೊಡೆಯ ಹೊರಬದಿಗೆ ಜೋಮು ಹಿಡಿಯುವುದು ಸಾಮಾನ್ಯ, ಆ ಜಾಗದ ಚರ್ಮದ ನರ ದಾರಿಯಲ್ಲೇ ಇದೆ. ತೊಡೆಮೂಳೆಯನ್ನು ಮೇಲೆತ್ತಿ ಸ್ಟೆಮ್ ಇಳಿಸುವುದು ಕಷ್ಟ, ಕಲಿಕೆಯ ಹಂತದಲ್ಲಿ ಮೂಳೆ ಸೀಳುವುದು ಜಾಸ್ತಿ. ದಪ್ಪ ಹೊಟ್ಟೆ ತೊಡೆಸಂದಿಯ ಮೇಲೆ ಮಡಿಕೆ ಬೀಳುವವರಿಗೆ ಗಾಯ ಒದ್ದೆಯಾಗಿ ಮಾಯುವುದು ತಡ.

ಹಿಂದಿನ ದಾರಿಯಲ್ಲಿ ಪಿರಿಫಾರ್ಮಿಸ್ ಮುಂತಾದ ಸಣ್ಣ ಸ್ನಾಯುಗಳನ್ನು ಬಿಡಿಸುತ್ತೇವೆ. ಅವನ್ನೂ ಕೀಲಿನ ಹೊದಿಕೆಯಾದ ಕ್ಯಾಪ್ಸೂಲನ್ನೂ ತೊಡೆಮೂಳೆಗೆ ತೂತು ಕೊರೆದು ಬಿಗಿಯಾಗಿ ಹೊಲಿದರೆ ಜಾರುವ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ನಾನು ಮುಂದಿನ ದಾರಿಯ ಪರ. ಆದರೂ ಕೇಳಬೇಕಾದ ಪ್ರಶ್ನೆ ದಾರಿ ಯಾವುದು ಅಂತಲ್ಲ, ಆ ಸರ್ಜನ್ ಆ ದಾರಿಯಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತಾರೆ ಅಂತ.

ಟೆಂಪ್ಲೇಟ್_44
ರೋಬೋಟ್ ಬಗ್ಗೆ ಚಿಕ್ಕದಾಗಿ. ಸಿಟಿ ಸ್ಕ್ಯಾನ್‌ನಿಂದ ಯೋಜನೆ, ಸೊಂಟದ ಇಲಿಯಂ ಮೂಳೆಗೆ ಪಿನ್, ರೋಬೋಟ್ ತೋಳು ಮೂಳೆ ಕೆರೆಯುವ ರೀಮರನ್ನು ಯೋಜಿಸಿದ ಗಡಿ ದಾಟದಂತೆ ಹಿಡಿಯುತ್ತದೆ. ಕಪ್ ಅಂದುಕೊಂಡ ಕೋನದಲ್ಲೇ ಕೂರುವುದು, ಕಾಲಿನ ಉದ್ದ ಸರಿಹೋಗುವುದು ಖಚಿತವಾಗಿ ಸುಧಾರಿಸುತ್ತದೆ. ಕೀಲು ಹೆಚ್ಚು ವರ್ಷ ಬಾಳುತ್ತದೆ ಅನ್ನುವುದಕ್ಕೆ ದೀರ್ಘಾವಧಿಯ ಪುರಾವೆ ಇನ್ನೂ ಬಂದಿಲ್ಲ. ಯೋಜನೆಯೇ ತಪ್ಪಿದ್ದರೆ ರೋಬೋಟ್ ಆ ತಪ್ಪನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ವಕ್ರ ಪೆಲ್ವಿಸ್, ಹಳೆಯ ಪ್ಲೇಟು, ಬೆಸೆದ ಬೆನ್ನು ಇದ್ದವರಿಗೆ ಹೆಚ್ಚು ಪ್ರಯೋಜನ. ಸಾದಾ ಕೇಸಿಗೆ ಸಾಲ ಮಾಡಿ ಹಣ ಹೊಂದಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಓಟಿ_ಟ್ರಾಲಿ
ಸಿಮೆಂಟ್ ಹಳೇ ಕಾಲದ್ದು ಅನ್ನೋ ಮಾತು ತುಂಬಾ ಕೇಳುತ್ತೇವೆ, ಅದು ತಪ್ಪು ತಿಳಿವಳಿಕೆ. ಯುವಕರ ಗಟ್ಟಿ ಮೂಳೆಗೆ ಸಿಮೆಂಟಿಲ್ಲದ ಟೈಟಾನಿಯಂ ಸ್ಟೆಮ್ ಸರಿ. 75 ದಾಟಿದವರ, ಒಳಗಾಲುವೆ ಅಗಲವಾಗಿ ಗೋಡೆ ತೆಳುವಾದ ತೊಡೆಮೂಳೆಗೆ ಅದನ್ನು ಬಡಿದು ಕೂರಿಸಿದರೆ ಮೂಳೆ ಸೀಳುತ್ತದೆ. ಬಿದ್ದು ತೊಡೆಮೂಳೆ ಕುತ್ತಿಗೆ ಮುರಿದ ವಯಸ್ಸಾದವರಿಗೆ, ಅರ್ಧ ಕೀಲು (ಕಪ್ ಇಲ್ಲದೆ ಸ್ಟೆಮ್, ಗುಂಡು ಮಾತ್ರ) ಹಾಕುವಾಗ, ಸಿಮೆಂಟೇ ಮೇಲು ಅಂತ ಬ್ರಿಟನ್ನಿನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೂ ತೋರಿಸಿತು.

ಕ್ರಮ ಹೀಗೆ. ಕಾಲುವೆಯನ್ನು ಪಲ್ಸ್ ಲವಾಜ್‌ನಲ್ಲಿ (ರಭಸದಿಂದ ನೀರು ಚಿಮ್ಮಿಸುವ ಉಪಕರಣ) ಕೊಬ್ಬು ಹೋಗುವವರೆಗೆ ತೊಳೆಯಬೇಕು. ಸ್ಟೆಮ್ ತುದಿಯಿಂದ 1–2 ಸೆಂಮೀ ಕೆಳಗೆ ಪ್ಲಗ್. ಒಣಗಿಸಿ ಸಕ್ಷನ್ ಟ್ಯೂಬ್ ಬಿಡಬೇಕು. 40 ಗ್ರಾಂ ಪುಡಿ, 20 ಎಂಎಲ್ ದ್ರವದ ಪ್ಯಾಕೆಟ್ ಸಾಮಾನ್ಯವಾಗಿ ಎರಡು, ನಿರ್ವಾತದಲ್ಲಿ ಕಲಸಬೇಕು. ಗನ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರಬೇಕು, ಗನ್‌ನ ಮೂತಿಯನ್ನು ನಾವು ಎಳೆಯಬಾರದು, ಸಿಮೆಂಟೇ ಅದನ್ನು ಹಿಂದಕ್ಕೆ ತಳ್ಳಬೇಕು. ಆಮೇಲೆ ಒತ್ತಡ, ನಂತರ ಸ್ಟೆಮ್. ಸುತ್ತಲೂ 2–3 ಎಂಎಂ ಪದರ ಉಳಿಯಬೇಕು.

ಕೈಕೊಡುವುದು ತಾಪಮಾನ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಂಥ ಕಡೆ ಸ್ಟೋರ್ ರೂಮಿನಲ್ಲಿ ಬಿಸಿಯಾದ ಪ್ಯಾಕೆಟ್ ತಂದು ಹಾಗೇ ಕಲಸಿದರೆ ಪೆಟ್ಟಿಗೆಯ ಮೇಲೆ ಬರೆದ ಹೊತ್ತಿಗಿಂತ ಎಷ್ಟೋ ಮೊದಲೇ ಗಟ್ಟಿಯಾಗುತ್ತದೆ, ಸ್ಟೆಮ್ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ದಿನವೇ ಎಸಿ ಇರುವ ಓಟಿಗೆ ತಂದಿಡಬೇಕು. ಕಲಸಲು ಶುರು ಮಾಡಿದ ಸಮಯವನ್ನು ಜೋರಾಗಿ ಹೇಳಿ ಬೋರ್ಡಿನಲ್ಲಿ ಬರೆಯಬೇಕು.

ಅರಿವಳಿಕೆ_ವಿಭಾಗ
ಆ ಜೋರಾಗಿ ಹೇಳುವುದು ನಮಗೂ ಬೇಕು. ಸಿಮೆಂಟ್ ಒತ್ತುವಾಗ ಮಜ್ಜೆಯ ಕೊಬ್ಬು ರಕ್ತನಾಳಕ್ಕೆ ನುಗ್ಗಿ ಆಮ್ಲಜನಕ, ಬಿಪಿ ಎರಡೂ ಕುಸಿಯಬಹುದು. ಹೃದಯ, ಶ್ವಾಸಕೋಶ ದುರ್ಬಲವಾದವರಲ್ಲಿ ಇದು ಪ್ರಾಣಕ್ಕೇ ಕುತ್ತು. ಸರ್ಜನ್ "ಸಿಮೆಂಟ್ ಹಾಕುತ್ತಿದ್ದೇವೆ" ಅಂದ ಕೂಡಲೇ ಆಮ್ಲಜನಕ ಏರಿಸಿ, ಬಿಪಿ ಔಷಧ ಸಿರಿಂಜಿನಲ್ಲಿ ಸಿದ್ಧವಿಟ್ಟುಕೊಳ್ಳಬೇಕು.

"ಅದೇ ದಿನ ನಡಿಗೆ"ಗೆ ಮುಖ್ಯ ಕಾರಣ ಕೀಲಲ್ಲ, ಈ ಕಡೆಯ ಬದಲಾವಣೆ. ಸ್ಪೈನಲ್ ಅರಿವಳಿಕೆ, ಕೀಲಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಗಂಟೆ ತಪ್ಪದ ಪ್ಯಾರಾಸಿಟಮಾಲ್, ಮಾರ್ಫೀನ್ ಆದಷ್ಟು ಕಡಿಮೆ, ಮೂತ್ರದ ನಳಿಕೆ ಬೇಕಿಲ್ಲದಿದ್ದರೆ ಬೇಡ. ಕೊಯ್ಯುವ ಮೊದಲು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. ಬಹಳ ಅಗ್ಗದ ಔಷಧ, ರಕ್ತ ಕೊಡಬೇಕಾದವರ ಸಂಖ್ಯೆಯನ್ನು ಬಹಳಷ್ಟು ಇಳಿಸಿತು. ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ಕಬ್ಬಿಣ ಕೊಟ್ಟು ಕೆಲವು ವಾರ ಮುಂದೂಡುವುದು ರಕ್ತ ಏರಿಸುವುದಕ್ಕಿಂತ ಉತ್ತಮ.

ರಕ್ತ ಹೆಪ್ಪುಗಟ್ಟದಂತೆ ರಿವರೊಕ್ಸಬಾನ್ 10 ಎಂಜಿ 35 ದಿನದವರೆಗೆ ಕೊಡುವುದು ಒಂದು ಕ್ರಮ. ಅಪಾಯ ಕಡಿಮೆ ಇದ್ದವರಿಗೆ ಮೊದಲ 5 ದಿನ ಅದು, ಆಮೇಲೆ ಸಣ್ಣ ಡೋಸ್ ಆಸ್ಪಿರಿನ್. ಯಾವುದು ಅಂತ ವೈದ್ಯರು ನಿರ್ಧರಿಸಲಿ, ಆದರೆ ಮನೆಗೆ ಹೋದ ಮೇಲೆ ನೋವಿಲ್ಲ ಅಂತ ಈ ಮಾತ್ರೆಯನ್ನೇ ನಿಲ್ಲಿಸುವವರು ಇದ್ದಾರೆ. ನಿಲ್ಲಿಸಬೇಡಿ.

ಓಟಿ_ಟ್ರಾಲಿ
ಸೋಂಕಿನ ಪಟ್ಟಿಯೂ ಇರಲಿ: ಆಂಟಿಬಯಾಟಿಕ್ ಸೆಫಜೋಲಿನ್ 2 ಗ್ರಾಂ, 120 ಕೆಜಿ ದಾಟಿದವರಿಗೆ 3 ಗ್ರಾಂ, ಕೊಯ್ಯುವ ಮುಂಚಿನ 60 ನಿಮಿಷದೊಳಗೆ. ವಾರ್ಡಿನಲ್ಲೇ ಕೊಟ್ಟು ಓಟಿ ತಡವಾದರೆ ಅದರ ಉಪಯೋಗ ಹೋಯಿತು. ಕೂದಲಿಗೆ ಬ್ಲೇಡ್ ಬೇಡ, ಕ್ಲಿಪ್ಪರ್. ಮುಚ್ಚುವ ಮೊದಲು ಸ್ಟೆರೈಲ್ ಪೊವಿಡೋನ್ ಅಯೋಡಿನ್ 10%ರದ್ದು 17.5 ಎಂಎಲ್, 500 ಎಂಎಲ್ ಸಲೈನ್‌ಗೆ ಬೆರೆಸಿ 3 ನಿಮಿಷ ನೆನೆಸಿ ತೊಳೆಯುವುದು. ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸಕ್ಕರೆಯ ಸರಾಸರಿ ಸೂಚಿಸುವ ರಕ್ತಪರೀಕ್ಷೆ) ಸುಮಾರು 7.5–8%ರೊಳಗೆ ಬರುವವರೆಗೆ ಕಾಯುವುದು. ಹಲ್ಲಿನ ಹುಳುಕು, ಕಾಲ್ಬೆರಳ ಸಂದಿನ ಹುಣ್ಣು ಮೊದಲೇ ವಾಸಿಯಾಗಿರಬೇಕು.

ನಡಿಗೆ
ಇದಕ್ಕೆ ಒಂದು ಸೇರ್ಪಡೆ, ದಯವಿಟ್ಟು ಎಲ್ಲರೂ ಗಮನಿಸಿ. ವಾರ ಕಳೆದರೂ ಗಾಯದಿಂದ ನೀರು ಒಸರುತ್ತಿದ್ದರೆ ಊರಿನ ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ಮಾತ್ರೆ ಬರೆಸಿಕೊಂಡು ಸುಮ್ಮನಾಗಬೇಡಿ. ಮಾತ್ರೆ ರೋಗಾಣುವನ್ನು ಕೊಲ್ಲದೆ ಮುಚ್ಚಿಡುತ್ತದೆ, ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ಏನೂ ಬೆಳೆಯುವುದಿಲ್ಲ. ಮೊದಲ ಕೆಲವು ವಾರದಲ್ಲೇ ಆಪರೇಷನ್ ಮಾಡಿದವರ ಬಳಿ ಹೋದರೆ ತೊಳೆದು, ಲೈನರ್–ಗುಂಡು ಮಾತ್ರ ಬದಲಿಸಿ ಕೀಲು ಉಳಿಸುವ ಅವಕಾಶ ಇದೆ. ರೋಗಾಣು ಲೋಹದ ಮೇಲೆ ಪದರ ಕಟ್ಟಿದ ಮೇಲೆ ಇಡೀ ಕೀಲನ್ನೇ ತೆಗೆಯಬೇಕಾಗುತ್ತದೆ.

ಹೇಮಾವತಿ_ದಂಡೆ
ನಡಿಗೆಯವರೇ, ನೆಲದ ಮೇಲೆ ಕೂರುವುದು, ಇಂಡಿಯನ್ ಟಾಯ್ಲೆಟ್, ಬಸ್ಸು ಇವನ್ನೆಲ್ಲ ಬರೆಯಿರಿ. ಎಲ್ಲರೂ ಕೇಳೋದು ಇದನ್ನೇ.

ನಡಿಗೆ
ಹಿಂದಿನ ದಾರಿಯ ಆಪರೇಷನ್‌ಗೆ ಅಪಾಯದ ಭಂಗಿ ಮೂರು ಸೇರಿದ್ದು: 90 ಡಿಗ್ರಿಗಿಂತ ಹೆಚ್ಚು ಮಡಿಕೆ, ಕಾಲು ನಡುಗೆರೆ ದಾಟುವುದು, ಪಾದ ಒಳಕ್ಕೆ ತಿರುಗುವುದು. ಚಕ್ಕಳಮಕ್ಕಳ ಕೂತಾಗ ಮಂಡಿ ಹೊರಕ್ಕೆ ಹೋಗುತ್ತದೆ, ಹಾಗಾಗಿ ಜನ ಹೆದರುವಷ್ಟು ಅದು ಕೆಟ್ಟದ್ದಲ್ಲ. ನಿಜವಾದ ಅಪಾಯ ತಗ್ಗಿನ ದಿವಾನ್ ಮೇಲೆ ಕೂತು, ಮಂಡಿ ಎರಡೂ ಜೋಡಿಸಿ, ಪಾದದ ಹೊರಬದಿಯ ಚಪ್ಪಲಿಗೆ ಕೈಚಾಚುವುದು. ನೆಲದಿಂದ ಏಳುವಾಗ ಒಂದು ಮಂಡಿಯ ಮೇಲೆ ತಿರುಚಿ ಏಳುವುದೂ ಹಾಗೆಯೇ.

ಮೊದಲ 6–12 ವಾರ ಕುರ್ಚಿ ಮಂಡಿಗಿಂತ ಎತ್ತರ ಇರಲಿ, ಕಮೋಡ್ ಮೇಲೆ ಎತ್ತರಿಸುವ ಸೀಟ್, ಮಗ್ಗುಲಾಗಿ ಮಲಗಿದರೆ ಕಾಲ ನಡುವೆ ದಿಂಬು. ಕೋಲು ಆಪರೇಷನ್ ಆಗದ ಬದಿಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ತುಂಬಾ ಎತ್ತರ, ಆರು ವಾರ ತಪ್ಪಿಸಿದರೆ ಒಳ್ಳೆಯದು. ಸೀರೆಯುಟ್ಟು ಬೈಕಿನ ಹಿಂದೆ ಒಂದೇ ಬದಿಗೆ ಕೂರುವುದು ಸೊಂಟವನ್ನು ತಿರುಚುತ್ತದೆ, ಅದು ಮೂರು ತಿಂಗಳಾದರೂ ಬೇಡ.

ವ್ಯಾಯಾಮದಲ್ಲಿ ಮುಖ್ಯ ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯು. ಎವಿಎನ್‌ನಲ್ಲಿ ವರ್ಷಗಟ್ಟಲೆ ಕುಂಟಿದವರಲ್ಲಿ ಅದು ಸೊರಗಿರುತ್ತದೆ, ಕೀಲು ಹೊಸದಾದರೂ ಸೊಂಟ ಪಕ್ಕಕ್ಕೆ ಬೀಳುತ್ತದೆ. ಗೋಡೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಎತ್ತುವಾಗ ಮೈ ವಾಲಿದರೆ ಆ ಎಣಿಕೆ ಲೆಕ್ಕಕ್ಕಿಲ್ಲ.

ತುಂಗಾತೀರ
ಸಾಗರ ತಾಲೂಕಿನ ಹಂದಿಗೋಡು ಕಾಯಿಲೆಯವರಿಗೂ ಇದು ಅನ್ವಯಿಸುತ್ತದಾ? 1970ರ ದಶಕದಲ್ಲೇ ಗುರುತಿಸಿದ ಆನುವಂಶಿಕ ಕಾಯಿಲೆ, ಚಿಕ್ಕ ವಯಸ್ಸಿಗೇ ಸೊಂಟದ ಕೀಲು ಹಾಳಾಗುತ್ತದೆ.

ಟೆಂಪ್ಲೇಟ್_44
ಅನ್ವಯಿಸುತ್ತದೆ, ಆದರೆ ಸಿದ್ಧತೆ ಬೇರೆ. ಮೈಕಟ್ಟು ಚಿಕ್ಕದು, ಬಟ್ಟಲು ಆಳವಿಲ್ಲ, ತೊಡೆಮೂಳೆ ಸಣ್ಣದು ಮತ್ತು ಡೊಂಕು. ಮಾಮೂಲಿ ಸೆಟ್‌ನಲ್ಲಿ ಸಣ್ಣ ಅಳತೆಯ ಕಪ್, ಸ್ಟೆಮ್ ಸಾಲದೆ ಬರಬಹುದು. ಅಳತೆಗುಂಡು ಇಟ್ಟು ತೆಗೆದ ಎಕ್ಸ್-ರೇ ಮೇಲೆ ಮೊದಲೇ ಟೆಂಪ್ಲೇಟ್ ಮಾಡಿ (ಇಂಪ್ಲಾಂಟಿನ ಅಳತೆ ಹೊಂದಿಸಿ ನೋಡಿ), ಸಣ್ಣ ಅಳತೆಗಳನ್ನು ಮುಂಚಿತವಾಗಿ ತರಿಸಿಟ್ಟುಕೊಳ್ಳಬೇಕು. ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಜನರಲ್ಲಿ ಕಾಣುವ, ರಕ್ತಕಣ ಕುಡುಗೋಲಿನಂತಾಗುವ ಸಿಕಲ್ ಸೆಲ್ ಕಾಯಿಲೆಯಿಂದ ಎವಿಎನ್ ಆದವರದ್ದೂ ವಿಶೇಷ ಕೇಸು: ಕಾಲುವೆಯೊಳಗೆ ಮೂಳೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ರೀಮರ್ ಪಕ್ಕಕ್ಕೆ ಜಾರಿ ಗೋಡೆ ತೂತಾಗಬಹುದು. ತೆಳು ಗೈಡ್ ವೈರ್ ಹಾಕಿ ಸಿ-ಆರ್ಮ್‌ನಲ್ಲಿ (ಓಟಿಯೊಳಗಿನ ಎಕ್ಸ್-ರೇ ಯಂತ್ರ) ನೋಡುತ್ತಾ ಹೋಗಬೇಕು. ಮೈ ತಣ್ಣಗಾಗಬಾರದು, ನೀರಿನಂಶ, ಆಮ್ಲಜನಕ ಕಡಿಮೆಯಾಗಬಾರದು.

ಹೇಮಾವತಿ_ದಂಡೆ
ಕೊನೆಯದಾಗಿ, ಡಿಸ್ಚಾರ್ಜ್ ಆಗುವಾಗ ಯಾವ ಕಾಗದ ಕೇಳಿ ಪಡೆಯಬೇಕು?

ಓಟಿ_ಟ್ರಾಲಿ
ಇಂಪ್ಲಾಂಟ್ ಸ್ಟಿಕ್ಕರ್. ಪ್ರತಿ ಭಾಗದ ಪೆಟ್ಟಿಗೆಯಲ್ಲೂ ಲಾಟ್ ನಂಬರ್ ಇರುವ ಅಂಟುಚೀಟಿಗಳು ಇರುತ್ತವೆ: ಕಪ್, ಲೈನರ್, ಗುಂಡು, ಸ್ಟೆಮ್, ಸ್ಕ್ರೂ ಹಾಕಿದ್ದರೆ ಅದು. ಕೇಸ್ ಶೀಟ್‌ಗೆ ಒಂದು ಸೆಟ್, ನಿಮ್ಮ ಡಿಸ್ಚಾರ್ಜ್ ಸಮ್ಮರಿಗೆ ಒಂದು ಸೆಟ್ ಅಂಟಿಸಿರಬೇಕು. ಆಪರೇಷನ್ ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಆದರೂ ಅಷ್ಟೇ, ಹಣ ಕಟ್ಟಿ ಆದರೂ ಅಷ್ಟೇ. ಲೈನರ್‌ನ ಒಳಅಳತೆ 36 ಅಂತಿದ್ದರೆ ಗುಂಡೂ 36 ಇರಲೇಬೇಕು, ಎರಡನ್ನೂ ಓದಿ ನೋಡಿ. ಗುಂಡಿನ ಚೀಟಿಯಲ್ಲಿ 12/14 ಅಂತ ಟೇಪರ್ ಅಳತೆ, +0, +4 ಅಂತ ಕುತ್ತಿಗೆ ಉದ್ದ ಇರುತ್ತದೆ. 15 ವರ್ಷದ ಮೇಲೆ ಲೈನರ್ ಮಾತ್ರ ಬದಲಿಸಬೇಕಾದರೆ, ಆ ಕಪ್‌ಗೆ ಆ ಕಂಪನಿಯ ಅದೇ ಮಾದರಿಯ ಲೈನರೇ ಕೂರುತ್ತದೆ. ಚೀಟಿ ಇಲ್ಲದಿದ್ದರೆ ಗಟ್ಟಿಯಾಗಿ ಬೆಸೆದ ಕಪ್ಪನ್ನೂ ಕಿತ್ತು ತೆಗೆಯಬೇಕಾಗಿ ಬರಬಹುದು. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗಾದರೂ ಕಳಿಸಿಡಿ. ಥರ್ಮಲ್ ಕಾಗದದ ಅಕ್ಷರ ಕೆಲವೇ ವರ್ಷದಲ್ಲಿ ಮಾಸುತ್ತದೆ.